ಸರಳ ಜಾಲತಾಣ ವಿನ್ಯಾಸ

ಸರಳ ಜಾಲತಾಣ ವಿನ್ಯಾಸ ಎಂದರೆ ಜಾಲತಾಣವೊಂದಕ್ಕೆ ಬಂದವರು ತಾವು ಬಂದ ಕೆಲಸವನ್ನು ಕಡಿಮೆ ಶ್ರಮದಲ್ಲಿ, ತಪ್ಪುಗಳಿಗೆ ಎಡೆಯಿಲ್ಲದಂತೆ ಮತ್ತು ಇನ್ನೊಬ್ಬರ ನೆರವು ಕೋರದೆ ಮುಗಿಸಲು ಅನುವಾಗುವ ಹಾಗೆ ಅದರ ಪುಟಗಳನ್ನು, ಬರಹವನ್ನು ಹಾಗೂ ಅರ್ಜಿ ನಮೂನೆಗಳನ್ನು ರೂಪಿಸುವ ಕ್ರಮ. ಇದು ಬಳಕೆಯೋಗ್ಯತೆ ಎಂಬ ವಿಶಾಲವಾದ ಅಧ್ಯಯನ ಕ್ಷೇತ್ರದ ಒಂದು ಭಾಗವಾಗಿದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1998ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಐಎಸ್‌ಒ 9241-11 ಎಂಬ ಮಾನಕವು ಬಳಕೆಯೋಗ್ಯತೆಯನ್ನು ಮೂರು ಅಳತೆಗಳಿಂದ ವಿವರಿಸುತ್ತದೆ: ಉದ್ದೇಶಿಸಿದ ಕೆಲಸ ಸರಿಯಾಗಿ ಆಯಿತೇ, ಅದಕ್ಕೆ ಎಷ್ಟು ಶ್ರಮ ಮತ್ತು ಸಮಯ ತಗುಲಿತು, ಬಳಸಿದವರಿಗೆ ತೃಪ್ತಿಯಾಯಿತೇ.

ನೋಟಕ್ಕೆ ಖಾಲಿಯಾಗಿರುವುದೂ ಬಳಕೆಗೆ ಸರಳವಾಗಿರುವುದೂ ಒಂದೇ ಅಲ್ಲ. ಬಣ್ಣ ಮತ್ತು ಚಿತ್ರಗಳನ್ನು ತೆಗೆದುಹಾಕಿ ಬಿಳಿಯ ಜಾಗವನ್ನು ಹೆಚ್ಚಿಸಿದ ಪುಟವೂ ಬೇಕಾದ ಕೊಂಡಿಯನ್ನು ಎಲ್ಲೋ ಅಡಗಿಸಿಟ್ಟಿದ್ದರೆ ಕಷ್ಟಕರವೇ. ನೂರಾರು ಸಾಲುಗಳಿರುವ ರೈಲು ವೇಳಾಪಟ್ಟಿಯು ಕ್ರಮಬದ್ಧವಾಗಿದ್ದರೆ ಪ್ರಯಾಣಿಕರಿಗೆ ಸುಲಭವೆನಿಸುತ್ತದೆ. ಯಾವುದೇ ವ್ಯವಹಾರದಲ್ಲಿ ಒಂದಿಷ್ಟು ತೊಡಕು ಇದ್ದೇ ಇರುತ್ತದೆ. ಅದನ್ನು ಜಾಲತಾಣ ಕಟ್ಟುವವರು ಹೊರಬೇಕೇ ಅಥವಾ ಜಾಲತಾಣಕ್ಕೆ ಬಂದವರು ಹೊರಬೇಕೇ ಎಂಬುದು ಈ ವಿಷಯದ ಮೂಲ ಪ್ರಶ್ನೆ. ಅಮೆರಿಕದ ಗಣಕ ವಿಜ್ಞಾನಿ ಲ್ಯಾರಿ ಟೆಸ್ಲರ್ (1945–2020) ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ತೊಡಕಿನ ಸಂರಕ್ಷಣೆಯ ನಿಯಮವು ಹೇಳುವುದು ಇದನ್ನೇ. ತೊಡಕನ್ನು ಪೂರ್ತಿಯಾಗಿ ಅಳಿಸಲಾಗದು, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ವರ್ಗಾಯಿಸಬಹುದಷ್ಟೆ.

ಆಧಾರ್ ಸಂಖ್ಯೆ ಇದಕ್ಕೊಂದು ಚಿಕ್ಕ ನಿದರ್ಶನ. ಕಾರ್ಡಿನಲ್ಲಿ ಅದರ 12 ಅಂಕಿಗಳನ್ನು ನಾಲ್ಕು ನಾಲ್ಕರ ಮೂರು ಗುಂಪುಗಳಾಗಿ, ನಡುವೆ ತೆರಪು ಬಿಟ್ಟು ಮುದ್ರಿಸಲಾಗುತ್ತದೆ. ಅದನ್ನು ಇದ್ದ ಹಾಗೆಯೇ ನಮೂದಿಸಿದಾಗ ತೆರಪುಗಳನ್ನು ತಾನೇ ತೆಗೆದುಕೊಳ್ಳುವಂತೆ ನಮೂನೆಯನ್ನು ಬರೆಯುವುದು ತಂತ್ರಾಂಶಕಾರರಿಗೆ ಒಂದು ಸಾಲಿನ ಕೆಲಸ. ಆ ಒಂದು ಸಾಲನ್ನು ಬರೆಯದಿದ್ದರೆ ಅರ್ಜಿ ತುಂಬುವ ಪ್ರತಿಯೊಬ್ಬರೂ ತಪ್ಪು ಸಂದೇಶವನ್ನು ನೋಡಿ, ಕಾರಣ ತಿಳಿಯದೆ, ಮತ್ತೆ ಮತ್ತೆ ಟೈಪ್ ಮಾಡಬೇಕಾಗುತ್ತದೆ.

ಇತಿಹಾಸ

ವಿಶ್ವವ್ಯಾಪಿ ಜಾಲವನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಸಿದ್ಧಪಡಿಸಿ 1991ರಲ್ಲಿ ಹೊರಜಗತ್ತಿಗೆ ತೆರೆದಿಟ್ಟ ಮೊದಲ ಪುಟದಲ್ಲಿ ಬರಹ ಮತ್ತು ಕೊಂಡಿಗಳನ್ನು ಬಿಟ್ಟು ಬೇರೇನೂ ಇರಲಿಲ್ಲ. ಯಾವ ಅಗಲದ ಪರದೆಯಲ್ಲಿ ತೆರೆದರೂ ಅದು ಓದಲು ಬರುತ್ತದೆ. ಈ ಗುಣವನ್ನು ಜಾಲತಾಣಗಳು ನಡುವೆ ಕಳೆದುಕೊಂಡು, ಸುಮಾರು ಎರಡು ದಶಕಗಳ ನಂತರ ಬಹಳ ಶ್ರಮಪಟ್ಟು ಮರಳಿ ಗಳಿಸಿಕೊಂಡವು ಎನ್ನಬಹುದು.

1993ರಲ್ಲಿ ಬಂದ ಮೊಸಾಯಿಕ್ ಬ್ರೌಸರ್ ಬರಹದ ನಡುವೆಯೇ ಚಿತ್ರಗಳನ್ನು ತೋರಿಸಿತು. ಜಾಲವು ಜನಪ್ರಿಯವಾದಂತೆ ಮುದ್ರಣ ಮತ್ತು ದೂರದರ್ಶನದ ಅಲಂಕಾರಗಳನ್ನು ಅದರೊಳಗೆ ತರುವ ಯತ್ನಗಳು ನಡೆದವು. ಅಂಕಿಅಂಶಗಳಿಗಾಗಿ ಇದ್ದ ಕೋಷ್ಟಕಗಳನ್ನು ಪುಟದ ಚೌಕಟ್ಟು ಕಟ್ಟಲು ಬಳಸಲಾಯಿತು. ಮಿನುಗುವ ಅಕ್ಷರಗಳೂ ಚಲಿಸುವ ಸಾಲುಗಳೂ ತಾವಾಗಿ ಮೊಳಗುವ ಸಂಗೀತವೂ ಬಂದವು. 1996ರ ಅಂತ್ಯದಲ್ಲಿ ಮ್ಯಾಕ್ರೋಮೀಡಿಯಾ ಸಂಸ್ಥೆಯ ಕೈಸೇರಿದ ಫ್ಲ್ಯಾಶ್ ತಂತ್ರಾಂಶದಿಂದ, ಮುಖಪುಟಕ್ಕೂ ಮೊದಲು ಒಂದು ಕಿರುಚಿತ್ರವನ್ನು ತೋರಿಸುವ ರೂಢಿ ಹಬ್ಬಿತು. ಅಂತಹ ಪುಟಗಳಲ್ಲಿ ಬಂದವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತಿದ್ದ ಗುಂಡಿಯೆಂದರೆ ಮೂಲೆಯಲ್ಲಿರುತ್ತಿದ್ದ, ಪೀಠಿಕೆಯನ್ನು ಬಿಟ್ಟು ಮುಂದೆ ಹೋಗುವ ಗುಂಡಿ ಮಾತ್ರ. ಫ್ಲ್ಯಾಶ್‌ಗೆ ಅಡೋಬಿ ಸಂಸ್ಥೆ ನೀಡುತ್ತಿದ್ದ ಬೆಂಬಲ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಅದರಲ್ಲಿಯೇ ಕಟ್ಟಿದ ಅನೇಕ ಜಾಲತಾಣಗಳು ಇಂದಿನ ಬ್ರೌಸರ್‌ಗಳಲ್ಲಿ ತೆರೆದುಕೊಳ್ಳುವುದೇ ಇಲ್ಲ. 1991ರ ಸರಳ ಪುಟ ಇಂದಿಗೂ ತೆರೆದುಕೊಳ್ಳುತ್ತದೆ.

ಡೆನ್ಮಾರ್ಕ್ ಮೂಲದ ಯಾಕೋಬ್ ನೀಲ್ಸನ್ 1994ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಹತ್ತು ಸೂತ್ರಗಳು ಈ ಕ್ಷೇತ್ರದ ಪ್ರಾಥಮಿಕ ಪಾಠಗಳಾಗಿ ಉಳಿದಿವೆ. ವ್ಯವಸ್ಥೆ ಏನು ಮಾಡುತ್ತಿದೆ ಎಂಬುದು ಬಳಸುವವರಿಗೆ ಕಾಣುತ್ತಿರಬೇಕು, ಅದರ ಮಾತು ಬಳಸುವವರ ಮಾತಾಗಿರಬೇಕು, ಮಾಡಿದ ತಪ್ಪನ್ನು ಹಿಂತೆಗೆದುಕೊಳ್ಳುವ ದಾರಿ ಇರಬೇಕು ಎಂಬಂತಹ ಮಾತುಗಳು ಅವುಗಳಲ್ಲಿವೆ. 2000ದಲ್ಲಿ ಸ್ಟೀವ್ ಕ್ರುಗ್ ಬರೆದ 'ಡೋಂಟ್ ಮೇಕ್ ಮಿ ಥಿಂಕ್' ಎಂಬ ಕಿರುಪುಸ್ತಕ ಇದೇ ವಿಚಾರವನ್ನು ಸಾಮಾನ್ಯ ಓದುಗರಿಗೂ ತಲುಪಿಸಿತು. ಅದೇ ಕಾಲದಲ್ಲಿ ಸುದ್ದಿ, ಹವಾಮಾನ, ಷೇರು ದರ ಎಲ್ಲವನ್ನೂ ಮುಖಪುಟದಲ್ಲಿ ತುಂಬಿಸಿದ್ದ ಜಾಲದ್ವಾರಗಳ ನಡುವೆ, ಒಂದೇ ಹುಡುಕುಪೆಟ್ಟಿಗೆಯಿದ್ದ ಗೂಗಲ್ (1998) ಬೆಳೆದು ನಿಂತಿತು. ಆ ಖಾಲಿ ಪುಟದ ಹಿಂದೆ ಇಡೀ ಜಾಲವನ್ನು ಓದಿ ಕ್ರಮಗೊಳಿಸುವ ಭಾರಿ ವ್ಯವಸ್ಥೆ ಇತ್ತೆಂಬುದನ್ನು ಅದರ ಹೊರನೋಟವನ್ನಷ್ಟೇ ಅನುಕರಿಸಿದವರು ಮರೆತರು.

2007ರ ನಂತರ ಸ್ಪರ್ಶಪರದೆಯ ಫೋನ್‌ಗಳು ಹಬ್ಬಿದಾಗ ನಿಗದಿತ ಅಗಲದ ಪುಟಗಳು ನಿರುಪಯುಕ್ತವಾದವು. ಪರದೆಯ ಅಳತೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಿನ್ಯಾಸವನ್ನು ಈಥನ್ ಮಾರ್ಕಾಟ್ 2010ರ ಮೇ ತಿಂಗಳಲ್ಲಿ ಒಂದು ಲೇಖನದಲ್ಲಿ ವಿವರಿಸಿದರು. ಇಂದು ಅದೇ ರೂಢಿಯಾಗಿದೆ.

ಓದುವ ರೀತಿ

ಜಾಲಪುಟವನ್ನು ಜನರು ಪುಸ್ತಕದಂತೆ ಓದುವುದಿಲ್ಲ. 1997ರಲ್ಲಿ ನೀಲ್ಸನ್ ಪ್ರಕಟಿಸಿದ ಪರೀಕ್ಷೆಯಲ್ಲಿ ಶೇ. 79ರಷ್ಟು ಜನರು ಹೊಸ ಪುಟವನ್ನು ಬರಿದೆ ಕಣ್ಣಾಡಿಸಿ ನೋಡಿದರು. ಪದಪದವಾಗಿ ಓದಿದವರು ಶೇ. 16ರಷ್ಟು ಮಾತ್ರ. ಆದ್ದರಿಂದ ತೀರ್ಮಾನವನ್ನು ಮೊದಲ ಸಾಲಿನಲ್ಲಿಯೇ ಹೇಳುವುದು, ಅರ್ಥವತ್ತಾದ ಉಪಶೀರ್ಷಿಕೆಗಳನ್ನು ಕೊಡುವುದು, "ಇಲ್ಲಿ ಒತ್ತಿರಿ" ಎಂಬುದರ ಬದಲು ಕೊಂಡಿ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಕೊಂಡಿಯ ಪದಗಳಲ್ಲಿಯೇ ತಿಳಿಸುವುದು ಮೊದಲಾದ ಬರವಣಿಗೆಯ ನಿಯಮಗಳು ವಿನ್ಯಾಸದ ನಿಯಮಗಳೂ ಆಗಿವೆ.

ಮುಖಪುಟದ ಮೇಲ್ಭಾಗದಲ್ಲಿ ಒಂದರ ಹಿಂದೊಂದು ಸರಿಯುವ ದೊಡ್ಡ ಚಿತ್ರಗಳ ಸಾಲು ಬಹಳಷ್ಟು ಸಂಸ್ಥೆಗಳಿಗೆ ಪ್ರಿಯ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇಂತಹ ಚಿತ್ರಸಾಲನ್ನು 2013ರ ಸುಮಾರಿಗೆ ಅಳೆದು ನೋಡಿದಾಗ, ಬಂದವರಲ್ಲಿ ಅದನ್ನು ಒತ್ತಿದವರು ಸುಮಾರು ಶೇ. 1ರಷ್ಟು ಎಂದು ತಿಳಿಯಿತು. ಅವರಲ್ಲಿಯೂ ಹೆಚ್ಚಿನವರು ಒತ್ತಿದ್ದು ಮೊದಲ ಚಿತ್ರವನ್ನು. ಸಂಸ್ಥೆಯೊಳಗಿನ ಪ್ರತಿಯೊಂದು ವಿಭಾಗಕ್ಕೂ ಮುಖಪುಟದಲ್ಲಿ ಜಾಗ ಕೊಟ್ಟಂತಾಗುತ್ತದೆ ಎಂಬುದೇ ಈ ಚಿತ್ರಸಾಲುಗಳು ಉಳಿದುಕೊಂಡಿರುವುದಕ್ಕೆ ಕಾರಣವಿರಬೇಕು. ಅದರಿಂದ ಬಗೆಹರಿಯುವುದು ಕಚೇರಿಯ ಸಮಸ್ಯೆ, ಓದುಗರದಲ್ಲ.

ಸಾರ್ವಜನಿಕ ಸೇವೆಗಳಲ್ಲಿ ಸರಳತೆ

ಅಂಗಡಿಯ ಜಾಲತಾಣ ಕಷ್ಟವೆನಿಸಿದರೆ ಗ್ರಾಹಕರು ಬೇರೆ ಅಂಗಡಿಗೆ ಹೋಗಬಹುದು. ಪಿಂಚಣಿ, ಪರವಾನಗಿ, ವಿದ್ಯಾರ್ಥಿವೇತನ ಕೊಡುವ ಸರ್ಕಾರಿ ಜಾಲತಾಣಕ್ಕೆ ಬದಲಿ ಇರುವುದಿಲ್ಲ. ಹೀಗಾಗಿ ಸರಳ ವಿನ್ಯಾಸದ ಅತ್ಯಂತ ಗಂಭೀರವಾದ ಪ್ರಯೋಗಗಳು ಈ ವಲಯದಲ್ಲಿ ನಡೆದಿವೆ.

ಬ್ರಿಟನ್ನಿನಲ್ಲಿ ಮಾರ್ತಾ ಲೇನ್ ಫಾಕ್ಸ್ ಅವರು 2010ರಲ್ಲಿ ಸರ್ಕಾರಕ್ಕೆ ಸಲ್ಲಿಸಿದ ವರದಿಯ ಫಲವಾಗಿ 2011ರಲ್ಲಿ ಸರ್ಕಾರಿ ಡಿಜಿಟಲ್ ಸೇವಾ ವಿಭಾಗ ಸ್ಥಾಪನೆಯಾಯಿತು. ಈ ವಿಭಾಗ ಕಟ್ಟಿದ 'ಗವ್.ಯುಕೆ' ಜಾಲತಾಣವು 2012ರ ಅಕ್ಟೋಬರ್ 17ರಂದು ಅಲ್ಲಿನ ಎರಡು ಹಳೆಯ ಪ್ರಮುಖ ಜಾಲತಾಣಗಳ ಸ್ಥಾನದಲ್ಲಿ ಬಂದಿತು. ನಂತರದ ಎರಡು ವರ್ಷಗಳಲ್ಲಿ ಇಲಾಖೆಗಳು ಮತ್ತು ನೂರಾರು ಅಧೀನ ಸಂಸ್ಥೆಗಳ ಪ್ರತ್ಯೇಕ ಜಾಲತಾಣಗಳು ಅದರೊಳಗೆ ಸೇರಿದವು. ಯಾವ ಕೆಲಸ ಯಾವ ಇಲಾಖೆಗೆ ಸೇರಿದ್ದೆಂಬುದನ್ನು ನಾಗರಿಕರು ತಿಳಿದಿರಬೇಕಾಗಿಲ್ಲ ಎಂಬುದು ಇದರ ಹಿಂದಿನ ತತ್ತ್ವ.

ವಿಭಾಗವು ಪ್ರಕಟಿಸಿದ ವಿನ್ಯಾಸ ಸೂತ್ರಗಳಲ್ಲಿ ಮೊದಲನೆಯದು ಬಳಸುವವರ ಅಗತ್ಯದಿಂದ ಆರಂಭಿಸಬೇಕೆಂಬುದು, ಎರಡನೆಯದು ಸರ್ಕಾರವು ತಾನೇ ಮಾಡಬೇಕಾದದ್ದನ್ನು ಮಾತ್ರ ಮಾಡಬೇಕೆಂಬುದು. ಸಾರ್ವಜನಿಕ ರಜಾದಿನಗಳ ಪುಟದಲ್ಲಿ ಇದರ ಫಲ ಕಾಣುತ್ತದೆ. ಆ ಪುಟಕ್ಕೆ ಬರುವವರಲ್ಲಿ ಹೆಚ್ಚಿನವರು ಕೇಳುವುದು ಮುಂದಿನ ರಜೆ ಯಾವಾಗ ಎಂದು. ಪುಟ ತೆರೆದೊಡನೆ ಆ ಒಂದು ದಿನಾಂಕ ದೊಡ್ಡ ಅಕ್ಷರಗಳಲ್ಲಿ ಕಾಣುತ್ತದೆ, ವರ್ಷದ ಪಟ್ಟಿ ಅದರ ಕೆಳಗಿರುತ್ತದೆ. ರಜೆಗಳ ಇತಿಹಾಸವಾಗಲಿ, ಅವನ್ನು ಘೋಷಿಸಿದ ಕಾಯಿದೆಯ ಪಾಠವಾಗಲಿ ಅಲ್ಲಿ ದಾರಿಗೆ ಅಡ್ಡ ಬರುವುದಿಲ್ಲ. ಆಡಂಬರದ ಚಿತ್ರಗಳಿಲ್ಲದ ಈ ಜಾಲತಾಣಕ್ಕೆ 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ವಿನ್ಯಾಸ ಪ್ರಶಸ್ತಿಯನ್ನು ನೀಡಿತು.

ಅರ್ಜಿ ನಮೂನೆಗಳ ಬಗ್ಗೆ ಈ ವಿಭಾಗ ರೂಪಿಸಿದ ಪದ್ಧತಿಗಳು ಇತರ ದೇಶಗಳಲ್ಲಿಯೂ ಬಳಕೆಗೆ ಬಂದಿವೆ. ಒಂದು ಪುಟದಲ್ಲಿ ಒಂದೇ ವಿಷಯವನ್ನು ಕೇಳುವುದರಿಂದ ಪುಟಗಳ ಸಂಖ್ಯೆ ಹೆಚ್ಚಾದರೂ ತಪ್ಪುಗಳು ಕಡಿಮೆಯಾಗುತ್ತವೆ, ಚಿಕ್ಕ ಪರದೆಯಲ್ಲಿಯೂ ತುಂಬಲು ಸುಲಭವಾಗುತ್ತದೆ. ಜನ್ಮದಿನಾಂಕಕ್ಕೆ ಕ್ಯಾಲೆಂಡರ್ ಚೌಕವನ್ನು ಬಿಟ್ಟು ದಿನ, ತಿಂಗಳು, ವರ್ಷಗಳಿಗೆ ಮೂರು ಸಾದಾ ಪೆಟ್ಟಿಗೆಗಳನ್ನು ಕೊಡುವುದು ಇನ್ನೊಂದು ಪದ್ಧತಿ. ಎಪ್ಪತ್ತು ವರ್ಷದವರೊಬ್ಬರು ಇಂದಿನ ತಿಂಗಳಿನಿಂದ ತಮ್ಮ ಹುಟ್ಟಿದ ತಿಂಗಳಿನವರೆಗೆ ಬಾಣದ ಗುರುತನ್ನು ಒತ್ತುತ್ತಾ ಹೋದರೆ 840 ಸಲ ಒತ್ತಬೇಕಾಗುತ್ತದೆ ಎಂಬುದನ್ನು ನೆನೆದರೆ ಇದರ ಔಚಿತ್ಯ ತಿಳಿಯುತ್ತದೆ. ತಪ್ಪು ಸಂದೇಶಗಳೂ ಹಾಗೆಯೇ. "ಅಮಾನ್ಯ ನಮೂದು" ಎಂದರೆ ಏನು ಮಾಡಬೇಕೆಂದು ತಿಳಿಯದು. "ಪಿನ್‌ಕೋಡ್‌ನಲ್ಲಿ 6 ಅಂಕಿಗಳಿರಬೇಕು" ಎಂದರೆ ಕೆಲಸ ಮುಂದುವರಿಯುತ್ತದೆ.

ವಿರುದ್ಧವಾದ ಉದಾಹರಣೆ ಅಮೆರಿಕದ 'ಹೆಲ್ತ್‌ಕೇರ್.ಗವ್'. ಆರೋಗ್ಯ ವಿಮೆ ಕೊಳ್ಳಲೆಂದು 2013ರ ಅಕ್ಟೋಬರ್ 1ರಂದು ತೆರೆದ ಈ ಜಾಲತಾಣದಲ್ಲಿ ಮೊದಲ ದಿನ ನೋಂದಣಿ ಪೂರ್ಣಗೊಳಿಸಲು ಸಾಧ್ಯವಾದದ್ದು ಆರು ಜನರಿಗೆ ಎಂದು ಅನಂತರ ಬಹಿರಂಗವಾದ ದಾಖಲೆಗಳು ತಿಳಿಸಿದವು. ವೈಫಲ್ಯಕ್ಕೆ ತಾಂತ್ರಿಕ ಹಾಗೂ ಆಡಳಿತಾತ್ಮಕ ಕಾರಣಗಳು ಹಲವಿದ್ದವು. ವಿನ್ಯಾಸದ ದೃಷ್ಟಿಯಿಂದ ಮುಖ್ಯವಾದದ್ದು ಒಂದು: ವಿಮಾ ಯೋಜನೆಗಳ ದರಗಳನ್ನು ಸುಮ್ಮನೆ ನೋಡಬಯಸಿದವರೂ ಮೊದಲು ಖಾತೆ ತೆರೆಯಬೇಕೆಂಬ ಏರ್ಪಾಡು. ಇದರಿಂದ ಅತ್ಯಂತ ಭಾರವಾದ ಕೆಲಸ ಬಾಗಿಲಲ್ಲಿಯೇ ಬಂದು, ಎಲ್ಲರೂ ಅಲ್ಲಿ ಸಿಕ್ಕಿಕೊಂಡರು.

ಎಲ್ಲರಿಗೂ ಎಟುಕುವಿಕೆ

ದೃಷ್ಟಿ, ಶ್ರವಣ, ಚಲನೆ ಅಥವಾ ಗ್ರಹಿಕೆಯ ತೊಂದರೆಯುಳ್ಳವರೂ ಬಳಸುವಂತಿರಬೇಕೆಂದು ವಿಶ್ವವ್ಯಾಪಿ ಜಾಲ ಒಕ್ಕೂಟವು 'ಡಬ್ಲ್ಯೂಸಿಎಜಿ' ಎಂಬ ಮಾರ್ಗಸೂಚಿಯನ್ನು 1999ರಲ್ಲಿ ಹೊರತಂದಿತು. ಇದರ 2.0ನೆಯ ಆವೃತ್ತಿ 2008ರಲ್ಲಿ, 2.1 2018ರಲ್ಲಿ, 2.2 2023ರಲ್ಲಿ ಪ್ರಕಟವಾದವು. ಸಾಮಾನ್ಯ ಗಾತ್ರದ ಬರಹಕ್ಕೂ ಅದರ ಹಿನ್ನೆಲೆಗೂ ನಡುವೆ ಕನಿಷ್ಠ 4.5:1ರಷ್ಟು ಹೊಳಪಿನ ಅಂತರವಿರಬೇಕು, ಚಿತ್ರಗಳಿಗೆ ಪರ್ಯಾಯ ಬರಹವಿರಬೇಕು, ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲವನ್ನೂ ಮಾಡಲು ಬರಬೇಕು ಎಂಬುವು ಇದರ ಮುಖ್ಯ ಅಂಶಗಳು. ಬಿಳಿಯ ಮೇಲೆ ತಿಳಿಬೂದು ಅಕ್ಷರಗಳನ್ನು ಬಳಸುವ, ನೋಡಲು ನಯವಾದ ಎಷ್ಟೋ ಪುಟಗಳು ಮೊದಲ ಅಂಶದಲ್ಲಿಯೇ ಸೋಲುತ್ತವೆ. ಬಿಸಿಲಿನಲ್ಲಿ ನಿಂತು ಫೋನ್ ನೋಡುವ ಯಾರಿಗೇ ಆದರೂ ಆ ಸೋಲು ಅನುಭವಕ್ಕೆ ಬರುತ್ತದೆ.

ಭಾರತದಲ್ಲಿ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು 2009ರಲ್ಲಿ ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿಯನ್ನು ಸಿದ್ಧಪಡಿಸಿತು. ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂದಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟುಕುವಂತಿರಬೇಕೆಂದು ಹೇಳುತ್ತದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪು ಈ ವಿಷಯದಲ್ಲಿ ಮಹತ್ವದ್ದು. ಬ್ಯಾಂಕ್ ಖಾತೆ, ಮೊಬೈಲ್ ಸಂಪರ್ಕ ಮುಂತಾದವುಗಳಿಗೆ ಬೇಕಾಗುವ ಡಿಜಿಟಲ್ ಗುರುತು ಪರಿಶೀಲನೆಯಲ್ಲಿ, ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂದು ಕೇಳಲಾಗುತ್ತಿತ್ತು. ಆಮ್ಲ ದಾಳಿಯಿಂದ ಕಣ್ಣು ಹಾಗೂ ಮುಖಕ್ಕೆ ಗಾಯವಾದವರಿಗೂ ಅಂಧರಿಗೂ ಇದು ಅಸಾಧ್ಯವಾಗಿತ್ತು. ಡಿಜಿಟಲ್ ಸೌಲಭ್ಯಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿದ ನ್ಯಾಯಾಲಯವು 20 ನಿರ್ದೇಶನಗಳನ್ನು ನೀಡಿತು. ಯಂತ್ರಕ್ಕೆ ಅನುಕೂಲವೆಂದು ಆರಿಸಿದ ಒಂದೇ ಒಂದು ಹಂತ ಮನುಷ್ಯರನ್ನು ವ್ಯವಸ್ಥೆಯಿಂದಲೇ ಹೊರಗಿಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಕನ್ನಡ ಜಾಲತಾಣಗಳ ವಿಶೇಷ ಸಮಸ್ಯೆಗಳು

ಇಂಗ್ಲಿಷನ್ನು ಗಮನದಲ್ಲಿಟ್ಟು ಬೆಳೆದ ವಿನ್ಯಾಸದ ರೂಢಿಗಳು ಕನ್ನಡಕ್ಕೆ ಹಾಗೆಯೇ ಒಗ್ಗುವುದಿಲ್ಲ. ಕನ್ನಡವು 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಸೇರಿತ್ತಾದರೂ ಅದು ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಆವರೆಗೆ ಬರಹ, ನುಡಿ ಮೊದಲಾದ ತಂತ್ರಾಂಶಗಳ ಫಾಂಟ್‌ಗಳಲ್ಲಿ, ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಪುಟಗಳನ್ನು ರಚಿಸಲಾಗುತ್ತಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ಸುದ್ದಿಯ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಅಂತಹ ಬರಹ ಹುಡುಕಾಟಕ್ಕೆ ಸಿಗುವುದಿಲ್ಲ, ಸ್ಕ್ರೀನ್ ರೀಡರ್ ತಂತ್ರಾಂಶವೂ ಅದನ್ನು ಓದಲಾರದು. ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪಿಡಿಎಫ್ ಸುತ್ತೋಲೆಗಳಿಗೂ, ಬರಹವನ್ನು ಚಿತ್ರವಾಗಿಸಿ ಏರಿಸಿದ ಪ್ರಕಟಣೆಗಳಿಗೂ ಇದೇ ದೋಷವಿದೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕದ ಪಾಲಿಗೆ ಅವು ಕನ್ನಡವಲ್ಲ.

ಕನ್ನಡದಲ್ಲಿ ಸ್ವರಚಿಹ್ನೆಗಳು ಅಕ್ಷರದ ಮೇಲೂ ಒತ್ತಕ್ಷರಗಳು ಕೆಳಗೂ ಬರುತ್ತವೆ. 'ರಾಷ್ಟ್ರ' ಎಂಬಲ್ಲಿ ಎರಡು ಒತ್ತುಗಳಿವೆ. ಆದುದರಿಂದ ಇಂಗ್ಲಿಷಿಗೆ ಸಾಕಾಗುವ ಸಾಲಂತರ ಕನ್ನಡಕ್ಕೆ ಸಾಲದು. ಎತ್ತರ ನಿಗದಿಪಡಿಸಿದ ಗುಂಡಿಗಳಲ್ಲಿ ಒತ್ತುಗಳ ತಳ ಕತ್ತರಿಸಿಹೋಗುತ್ತದೆ. ಒತ್ತು ಕಾಣದಿದ್ದರೆ ಕತ್ತೆಯೂ ಕತೆಯಾಗುತ್ತದೆ. ಕೊಂಡಿಗಳ ಅಡಿಗೆರೆಯು ಒತ್ತುಗಳ ಮೇಲೆಯೇ ಹಾಯುವುದನ್ನು ಸಿಎಸ್‌ಎಸ್‌ನಲ್ಲಿ ಗೆರೆಯನ್ನು ಸ್ವಲ್ಪ ಕೆಳಗಿಳಿಸಿ ತಪ್ಪಿಸಬಹುದು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲದ ಕಾರಣ ದೊಡ್ಡಕ್ಷರಗಳಿಂದ ಒತ್ತು ಕೊಡುವ ಇಂಗ್ಲಿಷ್ ವಿನ್ಯಾಸಗಳು ಅನುವಾದದಲ್ಲಿ ಸಪ್ಪೆಯಾಗುತ್ತವೆ. ಅಲ್ಲಿ ಅಕ್ಷರದ ಗಾತ್ರ ಅಥವಾ ದಪ್ಪದ ಮೊರೆ ಹೋಗಬೇಕಾಗುತ್ತದೆ.

ನಮೂನೆಗಳಲ್ಲಿ ಅಕ್ಷರಗಳ ಮಿತಿ ಇನ್ನೊಂದು ತೊಡಕು. 'ಸ್ತ್ರೀ' ಎಂಬುದು ಓದುವವರಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸರಣಿ. ಯುಟಿಎಫ್-8 ಕ್ರಮದಲ್ಲಿ ಪ್ರತಿ ಸಂಕೇತಕ್ಕೆ 3 ಬೈಟ್‌ಗಳಂತೆ 18 ಬೈಟ್‌ಗಳು ಬೇಕು. ಇಂಗ್ಲಿಷ್ ಹೆಸರುಗಳಿಗೆಂದು 20ರ ಮಿತಿ ಇಟ್ಟ ಪೆಟ್ಟಿಗೆಯಲ್ಲಿ ಕನ್ನಡದ ಸಾಧಾರಣ ಹೆಸರೂ ಹಿಡಿಸದೆ ಹೋಗಬಹುದು. ಉಪನಾಮವನ್ನು ಕಡ್ಡಾಯಗೊಳಿಸುವ ನಮೂನೆಗಳಂತೂ ಹೆಸರಿನೊಂದಿಗೆ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಬಳಸುವ ದಕ್ಷಿಣ ಭಾರತದ ಅಸಂಖ್ಯಾತ ಜನರನ್ನು ಇಕ್ಕಟ್ಟಿಗೆ ಸಿಲುಕಿಸುತ್ತವೆ. ಒಬ್ಬರು ಮೊದಲಕ್ಷರವನ್ನು ಹಿಗ್ಗಿಸಿ ಬರೆಯುತ್ತಾರೆ, ಇನ್ನೊಬ್ಬರು ಚುಕ್ಕಿ ಇಡುತ್ತಾರೆ, ಮತ್ತೊಬ್ಬರು ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಹೀಗೆ ಒಂದೇ ವ್ಯಕ್ತಿಯ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿಯಾಗಿ, ಮುಂದೆ ಅವುಗಳನ್ನು ತಾಳೆ ನೋಡುವಾಗ ತಿದ್ದುಪಡಿಗಾಗಿ ಅಲೆಯಬೇಕಾಗುತ್ತದೆ. ಪೂರ್ಣ ಹೆಸರಿಗೆ ಒಂದೇ ಪೆಟ್ಟಿಗೆ ಇದ್ದರೆ ಈ ತೊಂದರೆ ಇರುವುದಿಲ್ಲ.

ಪಟ್ಟಿಗಳ ಕ್ರಮವೂ ಗಮನಾರ್ಹ. ಕರ್ನಾಟಕದ 31 ಜಿಲ್ಲೆಗಳನ್ನು ಕನ್ನಡ ಅಕಾರಾದಿಯಲ್ಲಿ ಜೋಡಿಸಿದರೆ ಮೊದಲು ಬರುವುದು ಉಡುಪಿ, ಅನಂತರ ಉತ್ತರ ಕನ್ನಡ. ಇಂಗ್ಲಿಷ್ ಅನುಕ್ರಮವನ್ನೇ ಉಳಿಸಿಕೊಂಡು ಹೆಸರುಗಳನ್ನಷ್ಟೇ ಕನ್ನಡಿಸಿದ ಪಟ್ಟಿಯಲ್ಲಿ ಬಾಗಲಕೋಟೆ ಮೊದಲು ಬಂದು, ಕನ್ನಡದಲ್ಲಿ ಹುಡುಕುವವರಿಗೆ ಅದು ಕ್ರಮವಿಲ್ಲದ ಪಟ್ಟಿಯಾಗಿ ಕಾಣುತ್ತದೆ.

ಪದಗಳ ಆಯ್ಕೆಯ ವಿಷಯದಲ್ಲಿ ಎರಡು ಬಗೆಯ ತಪ್ಪುಗಳಿವೆ. ಜನರ ಬಾಯಲ್ಲಿರುವ 'ಲಾಗಿನ್', 'ಡೌನ್‌ಲೋಡ್' ಪದಗಳನ್ನು ಕೈಬಿಟ್ಟು ನಿಘಂಟಿನಿಂದ ಹೊಸ ಸಂಸ್ಕೃತ ಪದವೊಂದನ್ನು ತಂದಿಡುವುದು ಒಂದು. ಇಲಾಖೆಯ ಕಡತದ ಹೆಸರನ್ನೇ ಜನರ ಮುಂದಿಡುವುದು ಇನ್ನೊಂದು. ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆಯನ್ನು ಕಚೇರಿಯಲ್ಲಿ 'ಆರ್‌ಟಿಸಿ' ಎನ್ನುತ್ತಾರೆ. ರೈತರಲ್ಲಿ ಅದು 'ಪಹಣಿ', ಉತ್ತರ ಕರ್ನಾಟಕದ ಹಲವೆಡೆ 'ಉತಾರ'. ಪುಟದ ಶೀರ್ಷಿಕೆಯಲ್ಲಿಯೂ ಹುಡುಕಾಟದಲ್ಲಿಯೂ ಈ ಮೂರೂ ಹೆಸರುಗಳಿಗೆ ಸ್ಥಾನವಿದ್ದರೆ ಮಾತ್ರ ದಾಖಲೆ ಬೇಕಾದವರಿಗೆ ಅದು ಸಿಗುತ್ತದೆ. ಭಾಷೆ ಬದಲಿಸುವ ಕೊಂಡಿಯನ್ನು ಆಯಾ ಭಾಷೆಯ ಲಿಪಿಯಲ್ಲಿ, ಅಂದರೆ 'ಕನ್ನಡ' ಎಂದೇ ಬರೆಯಬೇಕು. ಅದನ್ನು ಒತ್ತಿದಾಗ ಮುಖಪುಟಕ್ಕೆ ಹಿಂದಿರುಗಿಸದೆ, ಓದುತ್ತಿದ್ದ ಪುಟದ ಕನ್ನಡ ರೂಪವನ್ನೇ ತೋರಿಸಬೇಕು. ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಸೂಚಿಸಿದರೆ ಸ್ಕ್ರೀನ್ ರೀಡರ್ ಸರಿಯಾದ ಧ್ವನಿಯನ್ನು ಆರಿಸಿಕೊಳ್ಳುತ್ತದೆ.

ವೇಗ

ಪ್ರತಿಕ್ರಿಯೆ 0.1 ಸೆಕೆಂಡಿನೊಳಗೆ ಬಂದರೆ ಅದು ತಕ್ಷಣ ಬಂದಂತೆ ಅನಿಸುತ್ತದೆ, 1 ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ, 10 ಸೆಕೆಂಡ್ ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ ಎಂಬ ಅಳತೆಗಳನ್ನು ನೀಲ್ಸನ್ 1993ರಲ್ಲಿ ಜನಪ್ರಿಯಗೊಳಿಸಿದರು. ಗೂಗಲ್ 2020ರಲ್ಲಿ ಪ್ರಕಟಿಸಿದ ಮಾನದಂಡಗಳ ಪ್ರಕಾರ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು. ಪುಟ ತೆರೆದುಕೊಳ್ಳುತ್ತಿರುವಾಗ ಗುಂಡಿಗಳು ಜಾಗ ಬದಲಿಸಿ ಬೆರಳು ತಪ್ಪಾದ ಕಡೆ ಬೀಳುವುದನ್ನೂ ಅವು ದೋಷವಾಗಿ ಎಣಿಸುತ್ತವೆ. ಒತ್ತಕ್ಷರಗಳ ಆಕಾರಗಳನ್ನೂ ಒಳಗೊಳ್ಳಬೇಕಾದ್ದರಿಂದ ಕನ್ನಡ ಫಾಂಟ್ ಕಡತಗಳು ಸಾಮಾನ್ಯವಾಗಿ ದೊಡ್ಡದಾಗಿರುತ್ತವೆ. ಅಲಂಕಾರಕ್ಕೆಂದು ಮೂರು ನಾಲ್ಕು ಫಾಂಟ್‌ಗಳನ್ನು ಸೇರಿಸುವ ಬದಲು ಫೋನಿನಲ್ಲಿ ಈಗಾಗಲೇ ಇರುವ ಕನ್ನಡ ಫಾಂಟನ್ನು ಬಳಸಿಕೊಳ್ಳುವುದು ಲೇಸು.

ಪರೀಕ್ಷೆ

ಜಾಲತಾಣ ಸರಳವಾಗಿದೆಯೇ ಎಂಬುದನ್ನು ಕಟ್ಟಿದವರು ತಾವೇ ಹೇಳಲಾಗದು, ಅವರಿಗೆ ದಾರಿ ಮೊದಲೇ ಗೊತ್ತಿರುತ್ತದೆ. ಹೊಸಬರೊಬ್ಬರಿಗೆ ಒಂದು ಕೆಲಸವನ್ನು ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು, ಅವರು ಎಲ್ಲಿ ತಡವರಿಸುತ್ತಾರೆಂದು ನೋಡುವುದು ಅತ್ಯಂತ ಅಗ್ಗದ ಪರೀಕ್ಷೆ. ನಡುವೆ ಬಾಯಿ ಹಾಕದಿರುವುದೇ ಇದರಲ್ಲಿ ಕಷ್ಟವಾದ ಭಾಗ. ಇಂತಹ ಐವರಿಂದ ಸುಮಾರು ಶೇ. 85ರಷ್ಟು ದೋಷಗಳು ಹೊರಬೀಳುತ್ತವೆಂದು ನೀಲ್ಸನ್ 2000ದಲ್ಲಿ ಬರೆದರು. ಈ ಲೆಕ್ಕ ಎಲ್ಲ ಬಗೆಯ ಜಾಲತಾಣಗಳಿಗೂ ಹೊಂದುವುದಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿವೆಯಾದರೂ ಒಬ್ಬರನ್ನೂ ಕೂರಿಸಿ ನೋಡದಿರುವುದಕ್ಕಿಂತ ಐವರು ಮೇಲು. ಆರಿಸುವ ಐವರೂ ಕಚೇರಿಯ ಸಹೋದ್ಯೋಗಿಗಳಾಗಿದ್ದರೆ ಪ್ರಯೋಜನವಿಲ್ಲ.

ದಾರಿ ತಪ್ಪಿಸುವ ವಿನ್ಯಾಸ

ಸರಳತೆಯ ಅರಿವನ್ನೇ ತಿರುಗಿಸಿ, ಸಂಸ್ಥೆಗೆ ಬೇಕಾದದ್ದನ್ನು ಸುಲಭವೂ ಗ್ರಾಹಕರಿಗೆ ಬೇಕಾದದ್ದನ್ನು ಕಠಿಣವೂ ಆಗಿಸುವ ತಂತ್ರಗಳಿಗೆ ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ 2010ರಲ್ಲಿ 'ಡಾರ್ಕ್ ಪ್ಯಾಟರ್ನ್' ಎಂಬ ಹೆಸರು ಕೊಟ್ಟರು. ಚಂದಾದಾರರಾಗಲು ಒಂದು ಗುಂಡಿ, ಹೊರಬರಲು ಹತ್ತು ಪುಟಗಳು ಎಂಬುದು ಇದರ ಪರಿಚಿತ ರೂಪ. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂತಹ 13 ತಂತ್ರಗಳನ್ನು ಪಟ್ಟಿಮಾಡಿ ನಿಷೇಧಿಸಲಾಗಿದೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ವಸ್ತು ಸೇರಿಸುವುದು, ಬೆಲೆಯ ಭಾಗಗಳನ್ನು ಕೊನೆಯವರೆಗೆ ಮುಚ್ಚಿಡುವುದು, ಬೇಡವೆಂದವರಿಗೆ ನಾಚಿಕೆಯಾಗುವಂತೆ ಪದಗಳನ್ನು ಹೆಣೆಯುವುದು ಅವುಗಳಲ್ಲಿ ಕೆಲವು.

ಟೀಕೆಗಳು

ಸರಳತೆಗೆ ಅತಿಯಾದ ಬೆಲೆ ಕೊಡಲಾಗುತ್ತಿದೆ ಎಂಬ ವಾದವೂ ಇದೆ. ವಿನ್ಯಾಸ ಚಿಂತಕ ಡೊನಾಲ್ಡ್ ನಾರ್ಮನ್ 2010ರ ತಮ್ಮ 'ಲಿವಿಂಗ್ ವಿತ್ ಕಾಂಪ್ಲೆಕ್ಸಿಟಿ' ಪುಸ್ತಕದಲ್ಲಿ, ಬದುಕಿನ ಕೆಲಸಗಳೇ ಸಂಕೀರ್ಣವಾಗಿರುವುದರಿಂದ ಉಪಕರಣಗಳೂ ಹಾಗಿರುವುದು ಸಹಜ, ಜನರಿಗೆ ತೊಂದರೆಯಾಗುವುದು ಸಂಕೀರ್ಣತೆಯಿಂದಲ್ಲ, ಗೊಂದಲದಿಂದ ಎಂದು ವಾದಿಸುತ್ತಾರೆ. ದಿನವಿಡೀ ಒಂದೇ ತಂತ್ರಾಂಶದಲ್ಲಿ ಕೆಲಸ ಮಾಡುವ ಲೆಕ್ಕಿಗರಿಗೆ ಒಂದು ಪುಟಕ್ಕೆ ಒಂದು ಪ್ರಶ್ನೆಯ ಪದ್ಧತಿ ಶಿಕ್ಷೆಯಂತಾದೀತು.

ಮೂರು ಅಡ್ಡಗೆರೆಗಳ ಗುರುತಿನ ಹಿಂದೆ ಇಡೀ ಪರಿವಿಡಿಯನ್ನು ಬಚ್ಚಿಡುವ ರೂಢಿಯೂ ಟೀಕೆಗೆ ಒಳಗಾಗಿದೆ. ಈ ಗುರುತನ್ನು 1981ರ ಜೆರಾಕ್ಸ್ ಸ್ಟಾರ್ ಗಣಕಕ್ಕಾಗಿ ನಾರ್ಮ್ ಕಾಕ್ಸ್ ರಚಿಸಿದ್ದರು. ಫೋನಿನ ಕಿರಿದಾದ ಪರದೆಯಲ್ಲಿ ಅದಕ್ಕೆ ಸಮರ್ಥನೆಯಿದೆ. ಸಾಕಷ್ಟು ಜಾಗವಿರುವ ದೊಡ್ಡ ಪರದೆಯಲ್ಲಿಯೂ ಅದನ್ನೇ ಬಳಸಿದಾಗ ಪುಟ ಚೊಕ್ಕವಾಗಿ ಕಾಣುತ್ತದಾದರೂ ಒಳಗೇನಿದೆಯೆಂದು ತಿಳಿಯಲು ಬಂದವರು ಒಂದು ಹೆಜ್ಜೆ ಹೆಚ್ಚಾಗಿ ಇಡಬೇಕಾಗುತ್ತದೆ.

ಅಮೆರಿಕದ ವರ್ಗೀಕೃತ ಜಾಹೀರಾತುಗಳ ತಾಣ ಕ್ರೇಗ್ಸ್‌ಲಿಸ್ಟ್ ಮುಖಪುಟದಲ್ಲಿ ಕೊಂಡಿಗಳು ಕಿಕ್ಕಿರಿದಿದ್ದರೂ ಅದು ದಶಕಗಳಿಂದ ಬಳಕೆಯಲ್ಲಿದೆ. ಯಾಹೂ ಜಪಾನಿನ ದಟ್ಟವಾದ ಮುಖಪುಟವೂ ಅಂಥದ್ದೇ. ವಿಕಿಪೀಡಿಯಾ 2023ರ ಜನವರಿಯಲ್ಲಿ ತನ್ನ ಇಂಗ್ಲಿಷ್ ಆವೃತ್ತಿಗೆ ಹೊಸ ಹೊರರೂಪವನ್ನು ತಂದಾಗ, ಸಾಲುಗಳ ಅಗಲವನ್ನು ಓದಿಗೆ ಅನುಕೂಲವಾಗಲೆಂದು ಕುಗ್ಗಿಸಿ ಇಕ್ಕೆಲಗಳಲ್ಲಿ ಖಾಲಿ ಜಾಗ ಬಿಟ್ಟದ್ದನ್ನು ಅನೇಕ ಹಳೆಯ ಸಂಪಾದಕರು ವಿರೋಧಿಸಿದರು. ಚರ್ಚೆಯ ನಂತರ ಪೂರ್ಣ ಅಗಲವನ್ನು ಬಯಸುವವರಿಗಾಗಿ ಪುಟದಲ್ಲಿಯೇ ಒಂದು ಗುಂಡಿಯನ್ನು ಒದಗಿಸಲಾಯಿತು.